ಕುಕ್ಕರಗಾಲು

"ಮುಖದ ಫೋಟೋ ಹಿಡೀಲಿ, ಬೇಡ ಅನ್ನೋರು ಯಾರು? ಬೆರಳಿನ ಫೋಟೋ ಯಾಕಂತೆ?"

ಸರ್ವಮಂಗಳಮ್ಮ ಇದನ್ನು ಸೊಸೆ ಮಹಾನಂದಳ ಕಿವಿಯಲ್ಲೇ ಹೇಳಿದ್ದು, ಆದರೆ ನಡುಮನೆಯಲ್ಲಿ ಕೂತಿದ್ದ ಡಾಕ್ಟರಿಗೂ ಕೇಳಿಸುವಷ್ಟು ಗಟ್ಟಿಯಾಗಿ. ಡಾಕ್ಟರ್ ದೊರೆಸ್ವಾಮಿ ಕೇಳಿಸದವರಂತೆ ಕ್ಯಾಮೆರಾಕ್ಕೆ ಕಣ್ಣಿಟ್ಟರು. ಅವರೆದುರು ಚಾಪೆಯ ಮೇಲೆ ಮಹಾನಂದಳ ಮಗಳು, ಆರು ವರ್ಷದ ತ್ರಿಪುರಸುಂದರಿ ಎರಡೂ ಕೈ ಹರಡಿ ಕೂತಿದ್ದಳು. ಬೆರಳ ತುದಿಗಳು ಉಬ್ಬಿ ದುಂಡಗಾಗಿದ್ದವು. ಉಗುರು, ತುಟಿ ಎಲ್ಲ ಆಗ ತಾನೇ ನೇರಳೆಹಣ್ಣು ತಿಂದ ಬಣ್ಣ.

ಹಾಲಿನ ತಿಮ್ಮಕ್ಕನ ಎದುರಿಗೇ ಹಾಲಿಗೆ ಬೆರಳದ್ದಿ ನೋಡುವವರು ಸರ್ವಮಂಗಳಮ್ಮ. ಅಂಥವರ ಮನೆಗೆ ಈ ಡಾಕ್ಟರು ಯಾರೂ ಕರೆಯದೆ ಬಂದಿದ್ದರು. ಶಂಕರಪುರದಲ್ಲಿ ಡಾಕ್ಟರನ್ನು ಮನೆಗೆ ಕರೆಸಬೇಕೆಂದರೆ ಜಟಕಾ ಕಳಿಸಿ ಕಾಯಬೇಕು. ಈ ಮನುಷ್ಯ ತಾನಾಗಿ ಸೈಕಲ್ ಇಳಿದು, ಚಪ್ಪಲಿ ಬಿಟ್ಟು, ಒಳಗೆ ಬರಲೇ ಎಂದು ಕೇಳಿದ್ದ. ಏನೋ ಹುಳುಕಿಲ್ಲದೆ ಯಾರು ಹೀಗೆ ಬರುತ್ತಾರೆ?

"ಆಡ್ತಾ ಆಡ್ತಾ ಮಗು ಕುಕ್ಕರಗಾಲಲ್ಲಿ ಕೂತ್ಬಿಡತ್ತೆ, ಅಲ್ವಾ ಅಮ್ಮ?" ಎಂದರು ಡಾಕ್ಟರು.

ಸರ್ವಮಂಗಳಮ್ಮನ ಹುಬ್ಬು ಗಂಟಾಯಿತು. ಮನೆಯೊಳಗಿನ ಮಾತು ಇವರಿಗೆ ಯಾರು ಊದಿದರು? "ಯಾರು ಹೇಳಿದ್ದು ನಿಮಗೆ?"

"ಯಾರೂ ಹೇಳಿಲ್ಲ. ಆಸ್ಪತ್ರೆಗೆ ಇದೇ ಬೀದೀಲಿ ಹೋಗ್ತೀನಿ, ನಾನೇ ನೋಡ್ದೆ. ಇಂಥ ಮಕ್ಕಳಿಗೆ ಹುಟ್ಟುವಾಗ್ಲೇ ಗುಂಡಿಗೇಲಿ ತೂತಿರತ್ತೆ. ಆಯಾಸ ಆದಾಗ ಹಾಗೆ ಕೂತು ಸುಧಾರಿಸ್ಕೊಳ್ತಾರೆ. ಊರಲ್ಲಿ ಇಂಥ ಮಕ್ಕಳೆಲ್ಲಿದಾರೆ ಅಂತ ಹುಡುಕ್ತಿದೀನಿ. ಯಾಕೆ ಹೀಗಾಗತ್ತೆ ಅಂತ ತಿಳೀಬೇಕಲ್ಲ." ಆಮೇಲೆ ಕೇಳಿದರು. "ನಿಮ್ಮ ಮನೇಲಿ ಮುಂಚೆ ಯಾವುದಾದ್ರೂ ಮಗು ಹೀಗೇ ನೀಲಿ ತಿರುಗಿ..."

"ಇಲ್ಲ." ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದಿತ್ತು.

ವೆಲ್ಲೂರಿನಲ್ಲಿ ಈಗ ಇದಕ್ಕೆ ಆಪರೇಷನ್ ಇದೆ ಎಂದರು ಡಾಕ್ಟರು. ತೂತು ಮುಚ್ಚಲಾಗದು, ಆದರೆ ರಕ್ತಕ್ಕೆ ಬೇರೆ ದಾರಿ ಮಾಡಿಕೊಡುತ್ತಾರೆ. ಅಪಾಯ ಇಲ್ಲ ಎನ್ನಲಾರೆ, ಸುಮ್ಮನಿದ್ದರೆ ಅದಕ್ಕಿಂತ ಅಪಾಯ ಎಂದರು. ಮಹಾನಂದ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಒಂದೊಂದು ಮಾತನ್ನೂ ನುಂಗುತ್ತಿದ್ದಳು.

"ಅಲ್ಲೀವರೆಗೆ ಒಂದು ತಿಳ್ಕೊಂಡಿರಿ. ಮಗು ತೀರಾ ನೀಲಿಯಾಗಿ ಉಸಿರಿಗೆ ಒದ್ದಾಡಿದ್ರೆ, ಹೀಗೆ ಮಾಡಿ." ಡಾಕ್ಟರು ಸುಂದರಿಯನ್ನು ಚಾಪೆಯ ಮೇಲೆ ಮಲಗಿಸಿ, ಎರಡೂ ಕಾಲು ಮಡಿಸಿ, ಮಂಡಿಗಳನ್ನು ಎದೆಗೆ ಒತ್ತಿ ಹಿಡಿದರು.

ಸರ್ವಮಂಗಳಮ್ಮ ಎದ್ದ ರಭಸಕ್ಕೆ ಪಕ್ಕದಲ್ಲಿದ್ದ ಮೊರ ಉರುಳಿತು. ಮಗುವನ್ನು ಡಾಕ್ಟರ ಕೈಯಿಂದ ಕಿತ್ತುಕೊಂಡರು.

"ಕಾಲು ಮಡಿಸೋಕೆ ಬಂದ್ರಾ? ನಮ್ಮಲ್ಲಿ ಕಾಲು ಮಡಿಸೋದು ಯಾವಾಗ ಅಂತ ಗೊತ್ತೇನ್ರೀ ನಿಮಗೆ? ನಿಮ್ಮಲ್ಲಿ ಮಲಗಿಸಿ ಸುಡ್ತೀರಿ. ನಮ್ಮಲ್ಲಿ ಹೋದೋರನ್ನ ಕೂರಿಸಿ ಮಣ್ಣು ಮಾಡ್ತೀವಿ. ಮೈ ಸೆಟೆಯೋಕೆ ಮುಂಚೆ ಕಾಲು ಮಡಿಸಿ ಕೂರಿಸ್ತೀವಿ. ಬದುಕಿರೋ ಕೂಸಿಗೆ ಅದನ್ನ ಮಾಡೋಕೆ ಬಂದ್ರಾ? ಏಳಿ, ಹೊರಡಿ."

ಡಾಕ್ಟರ ಮುಖ ಸಪ್ಪಗಾಯಿತು. "ನನಗೆ ಗೊತ್ತಿರ್ಲಿಲ್ಲ ಅಮ್ಮ" ಎಂದು ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡು ಹೊರಟರು.

ಅವತ್ತಿನಿಂದ ಸರ್ವಮಂಗಳಮ್ಮನಿಗೆ ಬೀದಿಯಲ್ಲಿ ಯಾವ ಸೈಕಲ್ ಬೆಲ್ಲು ಕೇಳಿದರೂ ಕಿಟಕಿಗೆ ಹೋಗಿ ನೋಡುವ ಕೆಲಸ ಹತ್ತಿಕೊಂಡಿತು. ಪಕ್ಕದ ಮನೆಯ ಶೈಲಜಮ್ಮ ಹೂ ಕೊಡುವ ನೆಪದಲ್ಲಿ ಬಂದು ಒಂದು ಕೊಳ್ಳಿ ಇಟ್ಟು ಹೋದಳು. "ಆ ಡಾಕ್ಟ್ರ ರೂಮಲ್ಲಿ ಗಾಜಿನ ಜಾಡಿಗಳಿದಾವಂತೆ ರೀ. ಸತ್ತ ಮಕ್ಕಳ ಗುಂಡಿಗೆ ತುಂಬಿಟ್ಕೊಂಡಿದಾರಂತೆ."

ಹಾಗಾದರೆ ತಾನು ಅಂದುಕೊಂಡದ್ದೇ ಸರಿ. ಈ ಮನುಷ್ಯ ಕಾಯುತ್ತಿದ್ದಾನೆ. ಒಳಗೆ ಹೋಗಿ ಸೊಸೆಗೆ ಹೇಳಿದರೆ ಅವಳು ರಾಗಿ ಬೀಸುವುದನ್ನೂ ನಿಲ್ಲಿಸಲಿಲ್ಲ.

"ಹೌದಂತೆ ಅತ್ತೆ, ಇದಾವಂತೆ. ಸತ್ತೋರ ಗುಂಡಿಗೆ ನೋಡಿದ್ಮೇಲೇನೇ ಬದುಕಿರೋರದ್ದು ಏನಾಗಿದೆ ಅಂತ ತಿಳಿಯೋದು ಅಂದ್ರು."

"ಎಲ್ಲಿ ಸಿಕ್ಕಿದ್ರು ನಿನಗೆ?"

ಮಹಾನಂದ ಬೀಸುವ ಕಲ್ಲಿಗೆ ಇನ್ನೊಂದು ಹಿಡಿ ರಾಗಿ ಹಾಕಿದಳು. ಸರ್ವಮಂಗಳಮ್ಮನ ಅನುಮಾನದ ಪಟ್ಟಿಗೆ ಸೊಸೆಯೂ ಸೇರಿದಳು. ಮಗ ನಂಜಪ್ಪ ಪೇಟೆಯ ಹಗ್ಗದ ಅಂಗಡಿಯಿಂದ ಬಂದ ಮೇಲೆ ಪಂಚಾಯಿತಿಯಾಯಿತು. ಅವನು ಅಮ್ಮನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕೊನೆಗೆ ತಟ್ಟೆ ನೋಡಿದ. "ನಾನಿರೋ ತನಕ ಈ ಕೂಸು ವೆಲ್ಲೂರಿನ ರೈಲು ಹತ್ತಲ್ಲ" ಎಂದು ಸರ್ವಮಂಗಳಮ್ಮ ಅಡುಗೆಮನೆಯ ದೀಪ ಸಣ್ಣ ಮಾಡಿದರು.

ಅಷ್ಟಕ್ಕೇ ಬಿಡಲಿಲ್ಲ. ಡಾಕ್ಟರು ಕುಕ್ಕರಗಾಲಿನ ಮಾತು ಎತ್ತಿದ್ದೇ ಅಪಶಕುನ ಎನ್ನಿಸಿ, ಆ ಚಾಳಿಯನ್ನೇ ಬಿಡಿಸಲು ಹೊರಟರು. ಸುಂದರಿ ಕೂತಲ್ಲೆಲ್ಲ, "ಏಳು, ನೆಟ್ಟಗೆ ನಿಂತ್ಕೋ, ಹೆಣ್ಣು ಹುಡುಗಿ ಹೀಗೆ ಕೂರ್ತಾಳಾ?" ಎಂದು ರೆಟ್ಟೆ ಹಿಡಿದು ಎಬ್ಬಿಸುವರು.

ಸೋಮವಾರ ಬೆಳಗ್ಗೆ ಮಹಾನಂದ ಗಾಂಧಿಬಜಾರಿಗೆ ಪತ್ರೆ ತರಲು ಹೋಗುತ್ತೇನೆಂದು ಹೊರಟಳು. ಮನೆಯಲ್ಲಿ ಪತ್ರೆ ಇತ್ತು. ಸರ್ವಮಂಗಳಮ್ಮ ಅದನ್ನು ಗಮನಿಸಿದರು, ಬಂದ ಮೇಲೆ ವಿಚಾರಿಸಿಕೊಂಡರಾಯಿತು ಎಂದುಕೊಂಡರು.

ಹಿತ್ತಲಲ್ಲಿ ಸುಂದರಿ ತಾನೊಬ್ಬಳೇ ಕುಂಟೆಬಿಲ್ಲೆ ಆಡುತ್ತಿದ್ದಳು. ಎರಡು ಮನೆ ದಾಟುವಷ್ಟರಲ್ಲಿ ಏದುಸಿರು ಬಂದು, ಗೆರೆಯ ಮೇಲೇ ಮಂಡಿ ಮಡಿಸಿ ಕುಕ್ಕರಿಸಿದಳು.

"ಮತ್ತೆ ಕೂತ್ಯಾ? ಏಳೇ."

"ಇರಜ್ಜಿ, ಸ್ವಲ್ಪ."

"ಸ್ವಲ್ಪ ಗಿಲ್ಪ ಏನಿಲ್ಲ." ಸರ್ವಮಂಗಳಮ್ಮ ರೆಟ್ಟೆ ಹಿಡಿದು ಎತ್ತಿ ನಿಲ್ಲಿಸಿದರು. ಹುಡುಗಿ ಮತ್ತೆ ಕೂರಲು ಜೋತಳು, ಇವರು ಮತ್ತೆ ಎತ್ತಿದರು. ಹುಡುಗಿ ಅತ್ತಳು. ಅಳು ನಡುವೆಯೇ ಕಟ್ಟಿಹೋಯಿತು. ತುಟಿ ಶಾಯಿಯ ಬಣ್ಣಕ್ಕೆ ತಿರುಗಿತು, ಕಣ್ಣು ಮೇಲಕ್ಕೆ ಹೋಯಿತು, ಕೈಯಲ್ಲಿದ್ದ ಬಿಲ್ಲೆ ನೆಲಕ್ಕೆ ಬಿತ್ತು.

ಸರ್ವಮಂಗಳಮ್ಮ ಮಗುವನ್ನು ಮಡಿಲಿಗೆ ಎಳೆದುಕೊಂಡು ಕೂತರು. ಈ ಬಣ್ಣವನ್ನು ಅವರು ನೋಡಿದ್ದರು. ಸಿದ್ದಬಸವನ ತುಟಿಯ ಬಣ್ಣ. ನಂಜಪ್ಪನಿಗೂ ಮುಂಚೆ ಹುಟ್ಟಿದ್ದ ಮೊದಲ ಮಗ, ಬಾವಿಕಟ್ಟೆಯ ಹತ್ತಿರ ಹೀಗೇ ಕುಕ್ಕರಗಾಲಲ್ಲಿ ಕೂರುತ್ತಿದ್ದವನು. ಅವನನ್ನೂ ತಾವು ರೆಟ್ಟೆ ಹಿಡಿದೇ ಎಬ್ಬಿಸುತ್ತಿದ್ದರು. ಅವನು ಹೋದ ದಿನ ಹಿರಿಯರು, "ಹೊತ್ತಾದ್ರೆ ಆಗಲ್ಲ ತಾಯಿ, ನೀನೇ ಕಾಲು ಮಡಿಸು" ಎಂದಿದ್ದರು. ತಾವೇ ಮಡಿಸಿದ್ದರು. ಆ ಮಂಡಿಗಳ ತಣ್ಪು ಇನ್ನೂ ಅಂಗೈಯಲ್ಲಿತ್ತು. ಹೆಣ್ಣು ಕೊಡುವವರು ಹಿಂಜರಿದಾರೆಂದು ನಂಜಪ್ಪನ ಮದುವೆಯ ಹೊತ್ತಿಗೆ ಅವನ ಹೆಸರನ್ನೇ ಮನೆಯಲ್ಲಿ ಎತ್ತದಂತೆ ಮಾಡಿದ್ದರು.

ಎರಡೂ ಮಂಡಿ ಎದೆಗೆ ಒತ್ತಿ ಹಿಡೀರಿ ಎಂದಿದ್ದ ಆ ಮನುಷ್ಯ. ಅವನು ಸುಳ್ಳು ಹೇಳಿದ್ದರೆ? ಮಡಿಸಿದ ಕೂಡಲೇ ಇವಳೂ ಹೋಗಿಬಿಟ್ಟರೆ? ಆ ಕೆಲಸವನ್ನು ಈ ಕೈ ಮತ್ತೆ ಮಾಡಬೇಕೆ ಶಿವನೆ?

ಮಗು ಒಮ್ಮೆ ಬಿಕ್ಕಿ ಸುಮ್ಮನಾಯಿತು. ಸರ್ವಮಂಗಳಮ್ಮ ಕಣ್ಣು ಮುಚ್ಚಿ ಎರಡೂ ಕಾಲು ಮಡಿಸಿದರು. ಮಂಡಿಗಳನ್ನು ಮಗುವಿನ ಎದೆಗೆ ಒತ್ತಿ, ಅದರ ಮೇಲೆ ತಮ್ಮ ಎದೆ ಒತ್ತಿ, ಇಬ್ಬರ ಕೊರಳ ಲಿಂಗದ ಕರಡಿಗೆಗಳೂ ನಡುವೆ ಸಿಕ್ಕಿ ಚುಚ್ಚುವ ಹಾಗೆ ಅಪ್ಪಿ ಹಿಡಿದರು. ಆಮೇಲೆ ಅವರಿಗೆ ಬೇರೇನೂ ಕೇಳಿಸಲಿಲ್ಲ.

ಹಿತ್ತಲ ಬಾಗಿಲಲ್ಲಿ ಮಹಾನಂದ ಬಂದು ನಿಂತಾಗ ಅವಳ ಕೈಯಲ್ಲಿ ಪತ್ರೆ ಇರಲಿಲ್ಲ. ಹಿಂದೆ ಡಾಕ್ಟರಿದ್ದರು. ಚೀರಲು ಬಾಯಿ ತೆರೆದ ಮಹಾನಂದಳನ್ನು ಅವರು ಕೈಯೆತ್ತಿ ತಡೆದರು, ಹತ್ತಿರ ಬಂದು ಮಗುವಿನ ಪಕ್ಕದಲ್ಲಿ ಕೂತು ತುಟಿ ನೋಡಿದರು, ನಾಡಿ ಹಿಡಿದರು. ಶಾಯಿಯ ಬಣ್ಣ ಇಳಿದು ನೇರಳೆಹಣ್ಣಿನ ಬಣ್ಣಕ್ಕೆ ಬಂದಿತ್ತು. ಉಸಿರು ಬರುತ್ತಿತ್ತು.

"ಬಿಡ್ಲಾ ಡಾಕ್ಟ್ರೇ?" ಎಂದರು ಸರ್ವಮಂಗಳಮ್ಮ. ದನಿ ಅವರದೇ ಎಂದು ಗುರುತು ಸಿಗುವ ಹಾಗಿರಲಿಲ್ಲ.

"ಇನ್ನೊಂಚೂರು ಹೊತ್ತು ಹೀಗೇ ಹಿಡ್ಕೊಂಡಿರಿ ಅಮ್ಮ. ಸರಿಯಾಗೇ ಹಿಡಿದಿದೀರಿ."

ಹಿಡಿದೇ ಇದ್ದರು. ತಲೆ ಎತ್ತದೆ ಹೇಳಿದರು. "ಅವತ್ತು ಕೇಳಿದ್ರಲ್ಲ. ಇದ್ದ ಒಬ್ಬ. ಸಿದ್ದಬಸವ ಅಂತ. ಅವನೂ ಹೀಗೇ ಕೂರ್ತಿದ್ದ."

ಮಹಾನಂದ ಅತ್ತೆಯನ್ನೇ ನೋಡಿದಳು. ಅವರ ಬೆನ್ನಿಗೆ ತಾಗಿ ನೆಲದ ಮೇಲೆ ಕೂತಳು.

ಮಡಿಲಲ್ಲಿದ್ದ ಗಂಟು ಸ್ವಲ್ಪ ಮಿಸುಕಾಡಿತು.

"ಅಜ್ಜಿ, ಬಿಡು. ಕಾಲು ಜುಮ್ಮಂತಿದೆ."

ಸರ್ವಮಂಗಳಮ್ಮ ಡಾಕ್ಟರ ಮುಖ ನೋಡಿದರು. ಅವರು ತಲೆಯಾಡಿಸಿದ ಮೇಲೆ ಒಂದು ಕಾಲನ್ನು ಮೆಲ್ಲಗೆ ಚಾಚಿಸಿ, ಆ ಪುಟ್ಟ ಪಾದವನ್ನು ಅಂಗೈಯಲ್ಲಿ ಇಟ್ಟುಕೊಂಡು ತಿಕ್ಕತೊಡಗಿದರು. ಪಾದ ಬೆಚ್ಚಗಿತ್ತು. ಹುಡುಗಿ ಕಚಗುಳಿಯಾಗಿ ಬೆರಳುಗಳನ್ನು ಮುದುರಿಕೊಂಡಳು.