ಎರಡು ಬೆರಳಗಲ ಬಟ್ಟೆ

ಬನ್ನಿನ ವಾಸನೆ ಬಂತು — ಅಂದರೆ ಪಕ್ಕದ ಬೇಕರಿಯವನು ಎರಡನೇ ತಟ್ಟೆ ಹೊರಗೆಳೆದ, ಅಂದರೆ ಹನ್ನೊಂದು ದಾಟಿತು, ಅಂದರೆ ಇವರು ಈ ಹೊತ್ತಿಗೆ ಡಿಪೋದ ಡಾಕ್ಟರಮ್ಮನ ಮುಂದೆ ಉಸಿರು ಒಳಗೆಳೆದುಕೊಂಡು, ಹೊಟ್ಟೆಯೇ ಇಲ್ಲದವರ ಹಾಗೆ, ತೂಕದ ಯಂತ್ರದ ಮೇಲೆ ನಿಂತಿರಬೇಕು, ಉಸಿರು ಬಿಗಿಹಿಡಿದರೆ ತೂಕ ಇಳಿಯುತ್ತಾ ಅಂತ ಬೆಳಿಗ್ಗೆ ಕೇಳಿದ್ದಕ್ಕೆ ಸುಮ್ನಿರೇ, ಹೊರಡೋ ಹೊತ್ತಲ್ಲಿ ಕೊಂಕು ನುಡೀಬೇಡ ಎಂದಿದ್ದರು, ನೆನೆದು ಅವಳಿಗೆ ನಗು, ಕಾಲು ತನ್ನ ಪಾಡಿಗೆ ತಾನು ಮಿಷನ್ನು ತುಳಿಯುತ್ತಿದೆ, ಮೇಷ್ಟ್ರ ಕೋಟಿನ ತೋಳು ಸೂಜಿಯ ಕೆಳಗೆ ಸರಿಯುತ್ತಿದೆ, ಕಣ್ಣು ಮಾತ್ರ ಬೀದಿಯ ಮೇಲೆ — ಅಂಗಡಿ ಅನ್ನುವುದು ಮನೆಯ ಮುಂದಿನ ಕೋಣೆಯೇ, ಬಾಗಿಲಾಚೆ ಬೀದಿ, ಬೀದಿಯಾಚೆ ಬಸ್‌ಸ್ಟಾಪು, ಇವರು ಓಡಿಸುವ ಹಸಿರು ಬಸ್ಸು ದಿನಾ ಅಲ್ಲಿ ನಿಂತು ಎರಡು ಸಲ ಹಾರನ್ನು ಮಾಡಿ ಮುಂದೆ ಹೋಗುತ್ತದೆ, ಹಾರನ್ನಿಗೆ ಅಂಥ ಅರ್ಥವೇನೂ ಇಲ್ಲ, ಇದೀಯಾ, ಇದೀನಿ, ಅಷ್ಟೇ, ಇವತ್ತು ಮಾತ್ರ ಸಕಲವೂ ಆ ಹಾರನ್ನಿನಲ್ಲೇ ಇದೆ, ಡಾಕ್ಟರಮ್ಮ ಸರಿ ಅಂದ್ರೆ ನೇರ ಗಾಡಿ ತಗೊಂಡು ಬರ್ತೀನಿ, ಹಾರನ್ನು ಕೇಳಿಸ್ತೋ, ಗೆದ್ದೆ ಅಂದ್ಕೋ, ಕೇಳಿಸ್ಲಿಲ್ಲ ಅಂದ್ರೆ? ಕೇಳಿಸ್ಲಿಲ್ಲ ಅಂದ್ರೆ ಡಿಪೋ ಗೇಟಲ್ಲಿ ಒಂದು ಕುರ್ಚಿ ಹಾಕ್ಕೊಡ್ತಾರೆ, ಬೇರೆಯವರು ಓಡಿಸೋ ಬಸ್ಸಿಗೆಲ್ಲ ಗೇಟು ತೆಗೀತಾ ಕೂತಿರ್ತೀನಿ — ನಗುತ್ತಲೇ ಹೇಳಿದರು, ಆದರೆ ಬೂಟಿನ ಲೇಸು ಕಟ್ಟುತ್ತಿದ್ದ ಬೆರಳುಗಳು ನಗುತ್ತಿರಲಿಲ್ಲ, ಸ್ಟೀರಿಂಗು ಕಿತ್ತುಕೊಂಡರೆ ಇವರು ಇವರಾಗಿ ಉಳಿಯುವುದಿಲ್ಲ, ಮದುವೆಯಾದ ಹೊಸದರಲ್ಲಿ ನಿದ್ದೆಗಣ್ಣಲ್ಲಿ ಅವಳ ಮೊಣಕೈ ಹಿಡಿದೆಳೆದು ಸೆಕೆಂಡ್ ಗೇರು ಬೀಳ್ತಿಲ್ಲವಲ್ಲೇ ಎಂದಿದ್ದ ಮನುಷ್ಯ, ಅಂಥವರನ್ನು ಗೇಟಿನ ಹತ್ತಿರ ಕೂರಿಸುವುದೆಂದರೆ ಮೀನನ್ನು ದಡದ ಮೇಲೆ ಕೂರಿಸಿದ ಹಾಗೇ.

ಸಕ್ಕರೆ ಗಡಿ ಮೇಲೆ ನಿಂತಿದೆ, ಹೊಟ್ಟೆ ಗಡಿ ದಾಟಿ ಆಗಿದೆ, ಮುಂದಿನ ತಪಾಸಣೆ ಹೊತ್ತಿಗೆ ಎರಡೂ ಇಳೀಬೇಕು, ಇಲ್ಲಾಂದ್ರೆ ಜನ ತುಂಬಿದ ಗಾಡಿ ನಿಮ್ಮ ಕೈಗೆ ಕೊಡೋಕಾಗಲ್ಲ, ಹೋದ ಸಲ ಡಾಕ್ಟರಮ್ಮ ಅಂದಿದ್ದು ಇಷ್ಟೇ, ಆ ಸಂಜೆ ಇವರು ಗೋಡೆ ನೋಡುತ್ತಾ ಕೂತಿದ್ದು ಈಗಲೂ ಕಣ್ಣಿಗೆ ಕಟ್ಟುತ್ತದೆ, ಊಟ ಬಲ್ಲವನಿಗೆ ರೋಗವಿಲ್ಲ ಅಂತ ಅತ್ತೆ ಬದುಕಿದ್ದಷ್ಟು ದಿನ ಹೇಳಿದರು, ಹೇಳುತ್ತಲೇ ಮಗನ ತಟ್ಟೆಗೆ ಇನ್ನೊಂದು ಸೌಟು ಸುರಿದರು, ಪುಣ್ಯಾತ್ಗಿತ್ತಿ, ಮಗ ಗಾದೆ ಮರೆತ, ಸೌಟು ಮರೆಯಲಿಲ್ಲ — ಒಂದೊಂದು ಟ್ರಿಪ್ಪು ಮುಗಿದಾಗಲೂ ಒಂದು ಬನ್ನು, ಸಕ್ಕರೆ ತೇಲುವ ಟೀ, ಎಣ್ಣೆ ತೊಟ್ಟಿಕ್ಕುವ ಕರಿದದ್ದು ಏನಾದರೊಂದು, ಅದೂ ತಿನ್ನುವುದಲ್ಲ, ನುಂಗುವುದು, ನಿಧಾನಕ್ಕೆ ಅಗಿದು ತಿನ್ರೀ ಅಂದರೆ ಬಸ್ಸು ಹೊರಡುತ್ತೆ ಕಣೇ ಎನ್ನುತ್ತಿದ್ದರು, ಅಯ್ಯೋ ದೇವರೇ, ಓಡಿಸೋರು ನೀವು, ನಿಮ್ಮನ್ನ ಬಿಟ್ಟು ಬಸ್ಸು ಅದೆಲ್ಲಿಗ್ರೀ ಹೊರಡುತ್ತೆ? — ಅವರು ನುಂಗುವುದನ್ನು ನಿಲ್ಲಿಸಿ ಅವಳನ್ನೇ ನೋಡಿದರು, ಹೌದಲ್ವಾ, ಎಂದರು, ಇಷ್ಟು ವರ್ಷಕ್ಕೆ ಮೊದಲ ಸಲ ಹೊಳೆದವರ ಹಾಗೆ, ಅವತ್ತಿನಿಂದ ಬದಲಾಯಿತು ನೋಡಿ, ಡಬ್ಬಿಯಲ್ಲಿ ಬೇಯಿಸಿದ ಕಾಳು, ಒಂದು ಮೊಟ್ಟೆ, ಕೈಗಾಡಿಯವನ ಹತ್ತಿರ ಆರಿಸಿ ತಂದ ಸೌತೆಕಾಯಿ, ಕ್ಯಾರೆಟ್ಟು, ಕಾಲಕ್ಕೆ ಬಂದ ಯಾವುದಾದರೂ ಹಣ್ಣು, ಬನ್ನಿನ ದುಡ್ಡು ಗುಂಡಿ ಹಾಕಿಡುವ ತಗಡಿನ ಡಬ್ಬಕ್ಕೆ, ಹನಿ ಹನಿ ಕೂಡಿದರೆ ಹಳ್ಳ ಅಲ್ಲವಾ, ಹಳ್ಳ ತುಂಬಿದರೆ ಇಬ್ಬರೂ ಸಮುದ್ರ ನೋಡಲು ಹೋಗುವುದು, ಇವರು ಕಿಟಕಿ ಪಕ್ಕ ಕೂರುವುದು, ಬೇರೆ ಯಾರೋ ಓಡಿಸುವ ಬಸ್ಸಿನಲ್ಲಿ, ಜೀವಮಾನದಲ್ಲಿ ಒಂದು ಸಲವಾದರೂ ಪಕ್ಕಕ್ಕೆ ನೋಡಿಕೊಂಡು ಹೋಗ್ಬೇಕು ಕಣೇ ಅಂತ ಅವರಿಗೊಂದು ಆಸೆ, ಸಂಜೆ ಬಂದವರೇ ಡಬ್ಬ ಕಿವಿಗೆ ಹಿಡಿದು ಅಲ್ಲಾಡಿಸುತ್ತಾರೆ, ಸದ್ದು ಕಮ್ಮಿಯಾಯ್ತಲ್ಲೇ? ತುಂಬ್ತಾ ಬಂದ್ರೆ ಸದ್ದು ಕಮ್ಮಿಯಾಗುತ್ತೆ ರೀ, ತುಂಬಿದ ಕೊಡ ತುಳುಕಲ್ಲ — ಬೇಕರಿಯವನಿಗೆ ಮಾತ್ರ ಹೊಟ್ಟೆಯುರಿ, ಏನಕ್ಕಾ, ಅಣ್ಣ ನನ್ನ ಹೊಟ್ಟೆ ಮೇಲೆ ಹೊಡೆದುಬಿಟ್ರಲ್ಲ, ನಿನ್ನ ಹೊಟ್ಟೆ ಮೇಲಲ್ಲಪ್ಪಾ, ಅವರದ್ದೇ ಹೊಟ್ಟೆ ಮೇಲೆ.

ಅಲ್ಲೇ ನೋಡು, ಮನಸ್ಸು ಎಲ್ಲಿಂದ ಹೊರಟರೂ ಬಂದು ನಿಲ್ಲುವುದು ಅಲ್ಲೇ, ಹೊಟ್ಟೆ, ಹೊಟ್ಟೆಯ ಮೇಲಿನ ಪ್ಯಾಂಟು, ಪ್ಯಾಂಟಿನ ಹಿಂದಿನ ಹೊಲಿಗೆ, ಹೊಲಿಗೆಯ ಅಕ್ಕಪಕ್ಕ ತೂತುಗಳ ಸಾಲು — ಬೇಡ, ನೆನೆಯಬಾರದು, ನೆನೆಯದಿದ್ದರೆ ಹೋಗುತ್ತದೆಯೇ, ಈ ಪಥ್ಯ ಶುರುವಾದ ಕೆಲವು ವಾರಕ್ಕೇ ಇವರು ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದ್ದರು, ಏನೂ ಆಗ್ತಿಲ್ಲ, ಪ್ಯಾಂಟು ಹಾಗೇ ಬಿಗೀತಿದೆ, ಸೌತೆಕಾಯಿ ತಿಂದೂ ತಿಂದೂ ನಾನೇ ಸೌತೆಕಾಯಿ ಆಗೋದೊಂದು ಬಾಕಿ, ನಾಳೆಯಿಂದ ಬನ್ನು ತಿಂತೀನಿ, ಗೇಟಾದ್ರೆ ಗೇಟು, ಹಣೇಲಿ ಬರೆದಿದ್ದು ಆಗ್ಲಿ, ಎಂದುಬಿಟ್ಟರು, ಮನೆಯಲ್ಲಿ ತೂಕದ ಯಂತ್ರವಿಲ್ಲ, ಟೇಪು ಹಿಡಿದು ಹೋದರೆ ದೂರ ಸರಿಯುತ್ತಾರೆ, ನೀನು ಟೇಪು ಹಿಡಿದ್ರೆ ನಾನು ಗಂಡ ಅಲ್ಲ, ಗಿರಾಕಿ, ಬೆಲ್ಟಂತೂ ಮೊದಲಿಂದಲೂ ಇಲ್ಲ, ದರ್ಜಿ ಹೆಂಡ್ತಿ ಇರುವಾಗ ಬೆಲ್ಟು ಯಾಕೆ, ಹಾಗಾಗಿ ಇಳಿಯಿತೋ ಇಲ್ಲವೋ ಹೇಳಬೇಕಾದದ್ದು ಆ ಪ್ಯಾಂಟು ಒಂದೇ, ಅದನ್ನು ಹೊಲಿದವಳು ಅವಳು, ಮರುದಿನ ಅವರಿಗೆ ರಜೆ, ಮಧ್ಯಾಹ್ನ ಗೊರಕೆ ಹೊಡೆಯುತ್ತಿದ್ದಾಗ ಬಾಗಿಲು ಮುಂದೆ ಮಾಡಿ ಡ್ಯೂಟಿಯ ಎರಡೂ ಪ್ಯಾಂಟು ತೆಗೆದು ಹಿಂದಿನ ಹೊಲಿಗೆ ಬಿಚ್ಚಿದಳು, ಒಳಗೆ ಮಡಚಿ ಬಿಟ್ಟಿದ್ದ ಬಟ್ಟೆಯನ್ನು ಕೊನೆಯ ಅಂಚಿನವರೆಗೂ ಹೊರಗೆ ಬಿಟ್ಟಳು, ಅತ್ತ ಒಂದು ಬೆರಳು, ಇತ್ತ ಒಂದು ಬೆರಳು, ಮತ್ತೆ ಹೊಲಿದಳು, ಹಳೆಯ ಹೊಲಿಗೆ ಇದ್ದ ಜಾಗದಲ್ಲಿ ತೂತುಗಳು ಉಳಿದವು, ನೀರು ಚಿಮುಕಿಸಿ ಎಷ್ಟು ಇಸ್ತ್ರಿ ತಿಕ್ಕಿದರೂ ಮುಚ್ಚಲಿಲ್ಲ, ಬಿಸಿಲು ಕಾಣದ ಬಟ್ಟೆ ಬೇರೆ, ಎರಡು ಬೆರಳಗಲ ಕಡುಬಣ್ಣ, ಅಂಗಿ ಇಳಿಬಿಟ್ಟರೆ ಯಾರಿಗೆ ಕಾಣುತ್ತೆ ಅಂದುಕೊಂಡಳು — ಬೆಳಿಗ್ಗೆ ಎದ್ದು ಪ್ಯಾಂಟು ಏರಿಸಿದವರೇ, ಏಯ್! ಬಾರೇ ಇಲ್ಲಿ! ಸಡಿಲ ಆಗಿದೆ ಕಣೇ! ಎಂದು ಅಡುಗೆಮನೆಗೆ ಬಂದು ಮಗುವಿನ ಹಾಗೆ ಒಂದು ಸುತ್ತು ತಿರುಗಿ ತೋರಿಸಿದರು, ಅವಳು ಅಯ್ಯೋ ಹೌದಲ್ರೀ ಎಂದಳು, ಬಾಯಿ ತುಂಬ ಎಂದಳು, ಬನ್ನಿನ ಮಾತು ಅವತ್ತಿಗೆ ಮುಗಿಯಿತು, ಸುಳ್ಳೇನೋ ಕೆಲಸಕ್ಕೆ ಬಂತು, ಆದರೆ ಡಾಕ್ಟರಮ್ಮನ ತೂಕದ ಯಂತ್ರಕ್ಕೆ ಹಿಂದಿನ ಹೊಲಿಗೆ ಇಲ್ಲವಲ್ಲ, ಅದನ್ನು ಬಿಚ್ಚಿ ಹೊಲಿಯಲಾಗದಲ್ಲ, ಇವತ್ತು ಬೆಳಿಗ್ಗೆ ಅವರು ಎದೆ ಸೆಟೆಸಿ ಹೊರಟಾಗ ಅವಳು ಬಾಗಿಲಲ್ಲೇ ನಿಂತು ಅವರ ಬೆನ್ನು ನೋಡಿದಳು, ಅವರು ನಂಬಿರುವುದು ತಮ್ಮ ಸೊಂಟವನ್ನಲ್ಲ, ತನ್ನ ದಾರವನ್ನು.

ಕೈಗೆ ಏನೋ ತಡೆದಂತಾಗಿ ನೋಡಿದರೆ ಮೇಷ್ಟ್ರ ಕೋಟಿನ ತೋಳಿನ ಬಾಯಿ ಪೂರ್ತಿ ಹೊಲಿದುಹೋಗಿದೆ, ಚೀಲದ ಹಾಗೆ, ಮೇಷ್ಟ್ರು ಕೈ ತೂರಿಸಿದರೆ ಹೊರಗೇ ಬಾರದು, ಅವಳು ಒಬ್ಬಳೇ ಕಿಸಕ್ಕನೆ ನಕ್ಕಳು, ಬಿಚ್ಚಲು ಕತ್ತರಿ ಎತ್ತಿದಳು, ಬಿಚ್ಚುವುದು ಅಂದ ಕೂಡಲೇ ಮತ್ತೆ ಅದೇ ತೂತುಗಳ ಸಾಲು — ಬೆಳಿಗ್ಗೆ ಅವರು ತೋರಿಸಿದ್ದು ನೆನಪಾಯಿತು, ನೋಡೇ, ನಿಲ್ತಾನೇ ಇಲ್ಲ, ಹಿಡಿದು ಒಂದು ಹೊಲಿಗೆ ಹಾಕ್ಕೊಡು, ಎಂದು ಸೊಂಟದ ಪಕ್ಕ ಸಡಿಲ ಬಟ್ಟೆಯನ್ನು ಮಡಚಿ ಹಿಡಿದಿದ್ದರು, ಅವಳು ಹೆದರಿ ಬಂದ್ಮೇಲೆ ನೋಡೋಣ ಎಂದು ಒಂದು ಪಿನ್ನು ಚುಚ್ಚಿ ಕಳಿಸಿದ್ದಳು, ಆ ಹೊಲಿಗೆಗೆ ಕೈ ಹಾಕಿದರೆ ತನ್ನ ಕಳ್ಳತನ ಹೊರಬೀಳುತ್ತದಲ್ಲ — ತಾಳು, ತಾಳು, ಎಷ್ಟು ಹಿಡಿದಿದ್ದರು? ಅಂಗೈ ಅಗಲ ಹಿಡಿದಿದ್ದರು, ಅವರ ಅಂಗೈ, ಸ್ಟೀರಿಂಗು ಹಿಡಿದು ಹಿಡಿದು ಹಲಗೆಯಂತಾದ ಅಂಗೈ, ಅವಳು ಎದ್ದು ಗೂಟದಲ್ಲಿದ್ದ ಇನ್ನೊಂದು ಪ್ಯಾಂಟನ್ನು ಎಳೆದುಕೊಂಡಳು, ಒಳಮುಖ ಮಾಡಿ ಮೇಜಿನ ಮೇಲೆ ಹರಡಿದಳು, ತೂತುಗಳ ಸಾಲು ಇಲ್ಲಿ, ಹೊಸ ಹೊಲಿಗೆ ಇಲ್ಲಿ, ಒಂದು ಬೆರಳು, ಆಚೆ ಇನ್ನೊಂದು ಬೆರಳು, ಅಂಚಿನಾಚೆ ಬಿಡಲು ಒಂದು ನೂಲೂ ಇಲ್ಲ, ಅವತ್ತೇ ಎಲ್ಲ ಬಿಟ್ಟಾಗಿತ್ತು, ಆಮೇಲೆ ಅವಳು ಮುಟ್ಟಿಯೇ ಇಲ್ಲ, ಮುಟ್ಟಿದರೂ ಬಿಡುವುದಕ್ಕೆ ಬಟ್ಟೆ ಎಲ್ಲಿದೆ — ತಾನು ಕೊಟ್ಟಿದ್ದು ಎರಡು ಬೆರಳು, ಅವರು ಹಿಡಿದದ್ದು ಅಂಗೈ ಅಗಲ, ಹಾಗಿದ್ದರೆ ಮಿಕ್ಕಿದ್ದು? ಮಿಕ್ಕಿದ್ದು ಯಾರದ್ದು? ಅಯ್ಯೋ ನನ್ನ ದಡ್ಡತನಕ್ಕಿಷ್ಟು! ಮಿಕ್ಕಿದ್ದು ಅವರದ್ದು! ಕಾಳಿನದ್ದು, ಸೌತೆಕಾಯಿಯದ್ದು, ಒಂದು ಸ್ಟಾಪು ಮೊದಲೇ ಇಳಿದು ಮನೆಗೆ ನಡೆದು ಬಂದ ಸಂಜೆಗಳದ್ದು, ಅಗಿದು ಅಗಿದು ತಿಂದ ಒಂದೊಂದು ತುತ್ತಿನದ್ದು, ಇಳಿದಿದ್ದಾರೆ, ನಿಜವಾಗಿಯೂ ಇಳಿದಿದ್ದಾರೆ, ದಿನಾ ಊರವರ ಅಳತೆ ಬರೀ ಕಣ್ಣಲ್ಲೇ ಹೇಳುವ ತನಗೆ ಎದುರಿಗಿದ್ದ ಗಂಡನ ಸೊಂಟ ಕಾಣಲಿಲ್ಲ, ತನ್ನ ಸುಳ್ಳೇ ಕಣ್ಣಿಗೆ ಅಡ್ಡ ನಿಂತಿತ್ತು, ಅವಳಿಗೆ ಕೂಗಬೇಕೆನಿಸಿತು, ಬೇಕರಿಯವನನ್ನು ಕರೆದು ತೋರಿಸಬೇಕೆನಿಸಿತು, ಏನಂತ ತೋರಿಸುವುದು, ಗಂಡನ ಪ್ಯಾಂಟನ್ನೇ, ಅವಳು ಅದನ್ನು ಎದೆಗವಚಿಕೊಂಡು ಕೋಣೆಯೊಳಗೇ ಒಂದು ಸುತ್ತು ತಿರುಗಿದಳು.

ಹಸಿರು ಬಸ್ಸು! ಬಾಗಿಲಿಗೆ ಓಡಿದಳು, ಬಸ್ಸು ಸ್ಟಾಪಿನಲ್ಲಿ ನಿಂತಿತು, ಹಾರನ್ನಿಲ್ಲ, ಸ್ಟೀರಿಂಗಿನ ಹಿಂದೆ ಬೋಳುತಲೆಯ ಯಾರೋ, ಇವರಲ್ಲ, ಬಸ್ಸು ಹೊರಟೇ ಹೋಯಿತು, ಇದು ಇವರ ಟ್ರಿಪ್ಪಿನ ಹೊತ್ತೇ, ಕೊಟ್ಟುಬಿಟ್ಟರೇ ಕುರ್ಚಿ, ಹೊಟ್ಟೆ ಇಳಿದರೆ ಸಾಕೇ, ಸಕ್ಕರೆ ಇಳಿಯಬೇಡವೇ, ಸಕ್ಕರೆಯನ್ನು ಯಾವ ಟೇಪಿನಿಂದ ಅಳೆಯುವುದು, ಡಬ್ಬದಲ್ಲಿರುವ ದುಡ್ಡಿಂದ ಸಮುದ್ರ ಬೇಡ ದೇವರೇ, ಒಂದು ಹಾರನ್ನು ಕೊಡು, ಒಂದೇ ಸಲ ಸಾಕು — ಪಕ್ಕದಿಂದ ಬೇಕರಿಯವನು, ಯಾಕಕ್ಕಾ, ಬಿಸಿಲಲ್ಲಿ ನಿಂತ್ಬಿಟ್ರಿ? ಏನಿಲ್ಲಪ್ಪ, ಗಾಳಿಗೆ — ಎಲ್ಲಿದೆ ಗಾಳಿ, ಎಲೆ ಅಲ್ಲಾಡುತ್ತಿಲ್ಲ, ತಿರುವಿನಲ್ಲಿ ಇನ್ನೊಂದು ಹಸಿರು, ಕಣ್ಣಿಗೆ ಕೈ ಅಡ್ಡ ಹಿಡಿದಳು, ಬಸ್ಸು ಬರುತ್ತಾ ಬರುತ್ತಾ ದೊಡ್ಡದಾಯಿತು, ಆಮೇಲೆ ಹಾರನ್ನು, ಎರಡಲ್ಲ, ಅದಕ್ಕೆ ಲೆಕ್ಕವೇ ಇಲ್ಲ, ಬೀದಿಯವರೆಲ್ಲ ತಿರುಗಿ ನೋಡುವ ಹಾಗೆ, ಬೇಕರಿಯವನು ತಟ್ಟೆ ಹಿಡಿದುಕೊಂಡೇ ಹೊರಬರುವ ಹಾಗೆ, ಗಾಜಿನ ಹಿಂದೆ ಇವರ ಹಲ್ಲು, ಇಷ್ಟಗಲ! ಬಸ್ಸು ನಿಂತಿತು, ಇವರು ಇಳಿದರು, ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಬೀದಿ ದಾಟಿ ಬಂದರು, ಬೇಗ ಒಂದು ಹೊಲಿಗೆ ಹಾಕೇ, ಆ ಪಿನ್ನು ತೂಕದ ಯಂತ್ರದ ಮೇಲೇ ಎಗರಿಹೋಯ್ತು, ಡಾಕ್ಟರಮ್ಮ ನಕ್ಕೂ ನಕ್ಕೂ ಸಾಕಾದ್ರು, ಸಕ್ಕರೆ? ಇಳಿದಿದೆ! ಹೊಟ್ಟೆ? ಕಾಣಿಸ್ತಿಲ್ವಾ! ಮತ್ತೆ ತಡ ಯಾಕ್ರೀ, ಜೀವ ಬಾಯಿಗೆ ಬಂದಿತ್ತು, ಎರಡೆರಡು ಸಲ ತೂಕ ನೋಡಿದ್ರು ಕಣೇ, ಅವರಿಗೇ ನಂಬಿಕೆ ಬರ್ಲಿಲ್ಲ — ಬಸ್ಸಿನ ಕಿಟಕಿಗಳಲ್ಲೆಲ್ಲ ಮುಖಗಳು, ಕಂಡಕ್ಟರ್ ಬಾಗಿಲಲ್ಲಿ ನಿಂತು ಬೇಗ ಅಣ್ಣಾ ಬೇಗ ಎನ್ನುತ್ತಿದ್ದಾನೆ, ಇವರು ಅಂಗಡಿಯೊಳಗೆ ಬೆನ್ನು ತಿರುಗಿಸಿ ಅಂಗಿ ಎತ್ತಿ ನಿಂತರು, ಅವಳು ದಾರದ ತುದಿ ಬಾಯಲ್ಲಿ ನೆನೆಸಿ ಸೂಜಿಗೆ ಪೋಣಿಸಿದಳು, ಹಿಂದಿನ ಹೊಲಿಗೆಯನ್ನು ಚಿವುಟಿ ಹಿಡಿದಳು, ಆಗ ಅವರು ಬೀದಿಯನ್ನೇ ನೋಡುತ್ತಾ ಎಂದರು, ಆ ತೂತಿನ ಸಾಲಿಗೆ ಹಾಕ್ಬೇಡ, ಅದನ್ನ ದಾಟಿ ಒಳಗೆ ಹಾಕು, ಅದನ್ನ ನಾನು ಎಂದೋ ದಾಟಾಯ್ತು.

ಸೂಜಿ ನಿಂತಿತು, ನಿಮಗೆ ಗೊತ್ತಿತ್ತಾ? ದಿನವಿಡೀ ಕನ್ನಡೀಲಿ ಹಿಂದೆ ನೋಡ್ಕೊಂಡು ಗಾಡಿ ಓಡಿಸೋನು ನಾನು, ನನ್ನ ಹಿಂದೆ ಏನಾಗಿದೆ ಅಂತ ಗೊತ್ತಾಗಲ್ವೇನೇ, ಮತ್ತೆ ಯಾಕ್ರೀ ಹೇಳ್ಲಿಲ್ಲ? ಏನಂತ ಹೇಳೋದು, ನಾನು ಮಲಗಿದ್ದಾಗ ಕೂತು ಅಷ್ಟು ಚೆಂದ ಹೊಲಿದಿದ್ದೆ, ನಿನ್ನ ಸುಳ್ಳನ್ನ ಸುಳ್ಳಾಗೋಕೆ ಬಿಡ್ಬಾರ್ದು ಅನ್ನಿಸ್ತು — ಅಣ್ಣಾ, ಜನ ಬೈತಿದ್ದಾರೆ, ಬಂದೆ ಬಂದೆ, ಅವಳ ಕಣ್ಣು ಮಂಜಾಗಿ ಏನೂ ಕಾಣಲಿಲ್ಲ, ಕಂಡದ್ದು ಅದೊಂದೇ, ಹೊಲಿಗೆಯ ಆಚೆ ಒಂದು ಸಾಲು, ಈಚೆ ಒಂದು ಸಾಲು, ಬೆರಳಲ್ಲಿ ಹಿಡಿದು ಮಡಚಿದಳು, ಎರಡೂ ಸಾಲು ಹತ್ತಿರ ಬಂದವು, ಎದುರುಬದುರಾದವು, ತೂತಿಗೆ ತೂತು ಕೂಡಿತು, ಕೂಡಿ ಮೆಲ್ಲಗೆ ಮಡಿಕೆಯೊಳಗೆ ಹೋದವು, ತೂತುಗಳು, ತೂತುಗಳ ಸಾಲು.