ಅಳತೆಮಾಮನ ಹೊಸ ಮಂಡಿ

ಡಾಕ್ಟರು ಹೇಳಿದ್ದು ಸರಳ. ನಡೆಯಬಹುದು, ಮೆಟ್ಟಿಲು ಹತ್ತಬಹುದು, ನೆಲಕ್ಕೆ ಮಾತ್ರ ಮಂಡಿ ಊರುವಂತಿಲ್ಲ. ಅಳತೆಮಾಮ ತಲೆಯಾಡಿಸಿ ಹೊರಗೆ ಬಂದ. ಎಲ್ಲ ಸರಿ, ಆದರೆ ಶೂ ಅಂಗಡಿಯಲ್ಲಿ ಅವನ ಇಡೀ ನೌಕರಿ ನಡೆದದ್ದೇ ಮಂಡಿಯ ಮೇಲೆ! ಗಿರಾಕಿ ಬೆಂಚಿನ ಮೇಲೆ ಕೂರಬೇಕು, ಇವನು ಎದುರಿಗೆ ಮಂಡಿಯೂರಬೇಕು, ಶೂ ತೊಡಿಸಿ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಸರಿಯಾಗಿದೆ ಎನ್ನಬೇಕು. ಅವನು ಒತ್ತಿ ಕೊಟ್ಟ ಶೂ ಕಾಲು ಕಚ್ಚಿತು ಎಂದು ವಾಪಸು ತಂದವರಿಲ್ಲ.

ಮಂಡಿ ಬದಲಾಯಿಸಿಕೊಂಡು ಮನೆಯಲ್ಲಿದ್ದಷ್ಟು ದಿನ ಹೆಂಡತಿ ಅವನನ್ನು ಚೆನ್ನಾಗಿ ನೋಡಿಕೊಂಡಳು. ಅದನ್ನೇ ಅವನಿಗೆ ತಡೆಯಲಾಗಲಿಲ್ಲ. ಕೂತಲ್ಲಿಗೆ ನೀರು, ಕೂತಲ್ಲಿಗೆ ಊಟ, "ನೀವು ಏಳ್ಬೇಡಿ, ನೀವು ಏಳ್ಬೇಡಿ" ಅಂತ ಒಂದೇ ರಾಗ. ಇನ್ನೊಂದಿಷ್ಟು ದಿನ ಹೀಗೇ ಕೂತಿದ್ದರೆ ತನ್ನ ಮೇಲೆ ಒದ್ದೆ ಬಟ್ಟೆ ಒಣಹಾಕಿಬಿಡುತ್ತಾಳೆ ಎಂದು ಅವನಿಗೆ ಭಯವಾಯಿತು. ಕೆಲಸಕ್ಕೆ ಬಾರದವನಾಗಿಬಿಡುತ್ತೇನೆ ಎಂಬ ಹೆದರಿಕೆ ಅವನಿಗೆ ಆಪರೇಷನ್ನಿನ ದಿನವೂ ಇಷ್ಟು ಇರಲಿಲ್ಲ.

ಅಂಗಡಿಯ ಯಜಮಾನಿ ಹಳೆಯ ಯಜಮಾನರ ಮಗಳು. ಅವಳಿಗೆ ಮೊಟ್ಟಮೊದಲ ಶೂ ತೊಡಿಸಿದವನೂ ಇವನೇ. "ಬನ್ನಿ ಮಾಮ," ಎಂದು ಕೌಂಟರಿನ ಹಿಂದಿನ ಎತ್ತರದ ಸ್ಟೂಲು ತೋರಿಸಿದಳು. "ಇಲ್ಲಿ ಕೂತು ಬಂದವರನ್ನ ಮಾತಾಡಿಸಿ, ಸಾಕು. ಹಳೇ ಗಿರಾಕಿಗಳೆಲ್ಲ ನಿಮಗೆ ಗೊತ್ತಿರೋರೇ ಅಲ್ವಾ?"

ಗೊತ್ತಿರುವವರೇ, ಆದರೆ ಮೊಣಕಾಲಿನಿಂದ ಕೆಳಗೆ. ಈ ಸಂಗತಿ ಅಳತೆಮಾಮನಿಗೂ ತಿಳಿದದ್ದು ಅವತ್ತೇ.

ಮೊದಲು ಬಂದ ಹೆಂಗಸಿಗೆ ಹಲ್ಲೆಲ್ಲ ಕಾಣುವಂತೆ ನಕ್ಕು, "ನಮ್ಮ ಅಂಗಡಿಗೆ ಹೊಸಬರಾ ಅಮ್ಮ?" ಅಂದ.

"ಹೊಸಬಳಾ? ನನ್ನ ಮದುವೆ ಚಪ್ಪಲೀನೂ ನಿಮ್ಮ ಹತ್ರಾನೇ ತಗೊಂಡಿದ್ದು ಕಣ್ರೀ!"

ಅವನು ಕೌಂಟರಿನ ಮೇಲೆ ಬಾಗಿ ಕೆಳಗೆ ಇಣುಕಿದ. "ಅಯ್ಯೋ, ಟೀಚರಮ್ಮ! ಬಲಗಾಲಿಗಿಂತ ಎಡಗಾಲು ದೊಡ್ಡದು. ಮೊದ್ಲೇ ಹೇಳ್ಬಾರ್ದಾ?"

ಅಂಗಡಿಯಲ್ಲಿದ್ದವರೆಲ್ಲ ಟೀಚರಮ್ಮನ ಎಡಗಾಲು ನೋಡಿದರು. ಆಕೆ ಅದನ್ನು ಬಲಗಾಲಿನ ಹಿಂದೆ ಸರಿಸಿಕೊಂಡು, ಏನೂ ಕೊಳ್ಳದೆ ಹೊರಟುಹೋದಳು.

ಆಮೇಲೆ ಅವನು ಜಾಣನಾದ. ಬಾಗಿಲಲ್ಲಿ ಯಾರಾದರೂ ಕಂಡರೆ ಮೊದಲು ಬಗ್ಗಿ ಕಾಲು ನೋಡುವುದು, ಆಮೇಲೆ ತಲೆಯೆತ್ತಿ ನಗುವುದು. ಇದು ಇನ್ನೂ ಕೆಟ್ಟದಾಯಿತು. ಬ್ಯಾಂಕಿನ ಮ್ಯಾನೇಜರು ಪ್ಯಾಂಟಿನ ಜಿಪ್ಪು ತೆರೆದಿದೆಯೇನೋ ಎಂದುಕೊಂಡು ಗೋಡೆಯ ಕಡೆ ತಿರುಗಿ ನಿಂತರು. ಯಜಮಾನಿ ಹಣೆ ಒತ್ತಿಕೊಂಡಳು.

ಮಧ್ಯಾಹ್ನದ ಮೇಲೆ ತಾಯಿಯೊಬ್ಬಳು ಪುಟ್ಟ ಹುಡುಗಿಯನ್ನು ಎಳೆದುಕೊಂಡು ಬಂದಳು. ಹುಡುಗಿ ಯಾರಿಗೂ ಕಾಲು ಕೊಡಳು. ಒದ್ದೂ ಒದ್ದೂ ಅಂಗಡಿಯವರನ್ನೆಲ್ಲ ಸುಸ್ತು ಮಾಡಿದಳು. ಅಳತೆಮಾಮನ ಕೈ ಸುಮ್ಮನಿರಲಾರದೆ ತುರಿಸತೊಡಗಿತು. "ಇಲ್ಲಿ ಕೊಡಿ ಆ ರಾಣೀನ," ಎಂದು ಅವಳನ್ನು ಕೌಂಟರಿನ ಮೇಲೆ ನಿಲ್ಲಿಸಿಕೊಂಡ. ಕಾಲು ಅವನ ಎದೆಯ ಮಟ್ಟಕ್ಕೆ ಬಂದವು. ಹುಡುಗಿ ಎಲ್ಲರ ನೆತ್ತಿ ನೋಡುತ್ತ ಒದೆಯುವುದನ್ನೇ ಮರೆತಳು. ಶೂ ತೊಡಿಸಿ ಹೆಬ್ಬೆರಳಿನಿಂದ ಒತ್ತಿದ. ಆಹಾ, ಎಷ್ಟು ದಿನವಾಗಿತ್ತು! ಅವನ ಕಣ್ಣು ತುಂಬಿಬಂದವು.

ಅಷ್ಟರಲ್ಲಿ ಹುಡುಗಿ ಹೊಸ ಶೂ ಪರೀಕ್ಷಿಸಲು ಓಡಿದಳು. ಕೌಂಟರು ಒಂದು ಕಡೆ ಮುಗಿಯುತ್ತದೆ ಎಂಬುದು ಅವಳಿಗೆ ಹೊಳೆದಿರಲಿಲ್ಲ. ಯಜಮಾನಿ ಎರಡೂ ಕೈ ಚಾಚಿ ಗಪ್ಪನೆ ಹಿಡಿದಳು. ತಾಯಿ ಬಾಯಿಗೆ ಬಂದಂತೆ ಬೈದು, ಅದೇ ಶೂ ಕೊಂಡುಕೊಂಡು ಹೋದಳು.

ಬಾಗಿಲು ಹಾಕುವ ಹೊತ್ತಿಗೆ ಯಜಮಾನಿ ಬಂದು ಕೌಂಟರಿನ ಮುಂದೆ ನಿಂತಳು.

"ಮಾಮ, ಟೀ ಕುಡಿದ್ರಾ?"

"ಕುಡಿದೆ."

"ಮಂಡಿ ನೋವಿದ್ಯಾ?"

"ಇಲ್ಲ."

"ಅಲ್ಲ, ನೋವಿದ್ರೆ ಹೇಳಿ ಮತ್ತೆ."

ಮುಖ ನೋಡಿದರೆ ಅವನಿಗೆ ಏನೂ ತಿಳಿಯಲಿಲ್ಲ. ಬಾಗಿ ಕೆಳಗೆ ನೋಡಿದ. ಅವಳ ಬಲಗಾಲು ಎಡಗಾಲಿನ ಮೇಲೆ ಹತ್ತಿ ಉಜ್ಜುತ್ತಿತ್ತು. ಚಿಕ್ಕವಳಿದ್ದಾಗ ಅಂಗಡಿಯ ಕನ್ನಡಿ ಒಡೆದು, ಅಪ್ಪನಿಗೆ ಹೇಳಲಾರದೆ ನಿಂತಾಗಲೂ ಹೀಗೇ ಉಜ್ಜುತ್ತಿದ್ದಳು.

ಜೇಬಿನಿಂದ ಶೂ ತೊಡಿಸುವ ಉಕ್ಕಿನ ಪಟ್ಟಿ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಕೌಂಟರಿನ ಮೇಲಿಟ್ಟ. "ನೀನು ಒದ್ದಾಡ್ಬೇಡ ಪುಟ್ಟಿ. ನಾಳೆಯಿಂದ ನಾನು ಬರಲ್ಲ."

"ನಾನಿನ್ನೂ ಏನೂ ಹೇಳೇ ಇಲ್ವಲ್ಲ!"

"ಕಾಲು ಹೇಳ್ತಾ ಇದೆ."

ಅವಳು ಬಗ್ಗಿ ನೋಡಿಕೊಂಡಳು. ಕಾಲು ಸಿಕ್ಕಿಬಿದ್ದವರ ಹಾಗೆ ತಟ್ಟನೆ ನಿಂತಿತು.

"ದರಿದ್ರದ ಕಾಲು," ಎಂದು ಅದಕ್ಕೆ ಬೈದು ಕಣ್ಣೊರೆಸಿಕೊಂಡಳು. ಉಕ್ಕಿನ ಪಟ್ಟಿಯನ್ನು ಎತ್ತಿ ಅವನ ಜೇಬಿಗೇ ತುರುಕಿದಳು. ಆಮೇಲೆ ಕೌಂಟರಿನ ಒಳಗೆ ಬಂದು, ಎಗರಿ ಅದರ ಮೇಲೆ ಕೂತು, ಅವನ ಮುಂದೆ ಕಾಲು ಇಳಿಬಿಟ್ಟಳು.

"ಬಡಗೀನ ಕರೆಸ್ತೀನಿ. ಗಿರಾಕಿಗೆ ಎತ್ತರದ ಕುರ್ಚಿ, ಹತ್ತೋಕೆ ಮೆಟ್ಲು, ಬೀಳದ ಹಾಗೆ ಸುತ್ತ ಅಡ್ಡಪಟ್ಟಿ. ಎತ್ತರ ಇಷ್ಟು ಸಾಕಾ, ನೋಡಿ."

ಅಳತೆಮಾಮ ಕನ್ನಡಕ ಸರಿಮಾಡಿಕೊಂಡು, ಅವಳ ಬಲಗಾಲು ಹಿಡಿದು, ಶೂವಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದ.

"ಎತ್ತರ ಸರಿಯಾಗಿದೆ," ಅಂದ. "ಶೂ ಬಿಗಿ. ಯಾರು ಕೊಟ್ಟಿದ್ದು ಇದನ್ನ?"

"ನಾನೇ ತಗೊಂಡೆ," ಅಂದಳು ಯಜಮಾನಿ. "ನೀವು ಇರ್ಲಿಲ್ವಲ್ಲ."