ಮೊದಲ ಏಟು ಅಳಿಯನದು

ಹಂದಿಯ ತೆರೆದ ಕಣ್ಣಿನ ಮೇಲೆ ನೊಣ ಕೂತಿದೆ, ಗಾಡಿ ಇಷ್ಟು ಕುಣಿದರೂ ಏಳುತ್ತಿಲ್ಲ, ಏಳಬೇಡ ಬಿಡು, ಹಂದಿಯ ಕಥೆ ಮುಗಿಯಿತು, ಜೀವ ಇರುವುದು ಈಗ ನನ್ನ ಕೈಕೆಳಗೆ, ಲೋಹಿತನ ತೊಡೆಯಲ್ಲಿ, ಟವೆಲ್ ಒತ್ತಿದಷ್ಟೂ ಬಿಸಿಬಿಸಿ ಉಕ್ಕುತ್ತದೆ, ಬೆರಳ ಸಂದಿಯಿಂದ ಹರಿದು ಮೊಣಕೈತನಕ ಇಳಿಯುತ್ತದೆ, ಟಾಟಾ ಏಸಿನ ತಗಡಿನ ಮೇಲೆ ಹಂದಿಯ ರಕ್ತವೂ ತಂಗಿಯ ಗಂಡನ ರಕ್ತವೂ ಕೂಡಿಕೊಂಡು ಹಿಂದಿನ ಬಾಗಿಲ ಕಡೆ ಹೊರಟಿವೆ, ಬೀಗತನ ಮಾಡಿದಂತೆ. ಹಂದಿಯನ್ನು ಅಲ್ಲೇ ಬಿಟ್ಟು ಬರಲಿಲ್ಲ ನಾವು, ಮನುಷ್ಯ ಸಾಯುತ್ತ ಬಿದ್ದಿರುವಾಗಲೂ ನಾಲ್ಕು ಮಂದಿ ಸೇರಿ ಮೊದಲು ಅದನ್ನೇ ಎತ್ತಿ ಹಾಕಿದರು, ಮಾಂಸದ ಆಸೆ ನೋಡು, ಥೂ. ಶಿವಾನಂದಾ ಲಗೂ ಹೊಡಿಯೋ ಎಂದು ಕೂಗುತ್ತೇನೆ, ಗಾಡಿ ಅವನದು, ನನ್ನ ಜೊತೆ ಶಾಲೆ ಕಲಿತವನು, ಹೊಡ್ಯಾಕತ್ತೇನಲೇ ಮಾಂತೇಶ, ರಸ್ತಾ ಹೆಂಗೈತಿ ನೋಡು, ಹಿರೇಕೆರೂರ ಬಂತು ತಡಿ, ಹಂದಿ ಮ್ಯಾಲ ತಾಡಪಾಲ ಮುಚ್ಚೋಣು, ದವಾಖಾನ್ಯಾಗ ಹಂದಿ ಅನಬ್ಯಾಡ್ರಿ ಮತ್ತ, ಫಾರೆಸ್ಟಿನವರು ಎಳಕೊಂಡು ಹೊಕ್ಕಾರ, ಹೋರಿ ಹಾಯ್ತು ಅನ್ರಿ. ಹೋರಿ ಹಾಯ್ತು. ನಮ್ಮ ಕಡೆ ಹೋರಿ ಹಾಯ್ದರೆ ಯಾರೂ ಹುಬ್ಬೇರಿಸುವುದಿಲ್ಲ, ದೀಪಾವಳಿಯ ಹೋರಿ ಓಟದಲ್ಲಿ ಊರಿಗೊಬ್ಬ ಹಾಯಿಸಿಕೊಳ್ಳುತ್ತಾನೆ, ಡಾಕ್ಟರೂ ನಂಬುತ್ತಾರೆ. ಅಪ್ಪ ನನ್ನ ಎದುರಿಗೆ ಹಂದಿಯ ಬೆನ್ನಿಗೆ ಕಾಲು ಚಾಚಿ ಕೂತಿದ್ದಾನೆ.

ಲೋಹಿತನನ್ನು ಕರೆದವನೂ ಅಪ್ಪನೇ. ಮಡಗದ ಕೆರೆಯ ಕೆಳಗಿನ ನಮ್ಮ ಗೋವಿನಜೋಳಕ್ಕೆ ಹಂದಿ ಬಿದ್ದು ಅರ್ಧ ಹೊಲ ಉರುಳಾಡಿ ಹೋದ ಮೇಲೆ ಅಳಿಯನ ಊರು ದುಂಡಸಿಗೆ ಫೋನ್ ಹಚ್ಚಿದ, ಬರ್ರಿ ಅಳಿಯಾರ, ಬ್ಯಾಟಿಗೆ ಬರ್ರಿ, ವಿದ್ಯಾನ್ನೂ ಕರಕೊಂಡ ಬರ್ರಿ, ಮೊದಲ ಏಟು ನಿಮ್ಮದ — ಅಪ್ಪ ಹಲ್ಲು ಕಿರಿದು ಕರೆಯುತ್ತಿದ್ದರೆ ಪಕ್ಕದಲ್ಲಿ ನಿಂತ ನನ್ನ ಮೈಯೆಲ್ಲ ಉರಿದುಹೋಯಿತು. ನಮ್ಮ ಮನೆತನದ ಪದ್ಧತಿ ಅದು, ಬಲೆಗೆ ಬಿದ್ದ ಹಂದಿಗೆ ಮೊದಲ ಏಟು ಅಳಿಯನದು, ಮನೆಯವರು ಹಗ್ಗ ಹಿಡಿಯಬೇಕು, ಹೆಣ್ಣು ಕೊಟ್ಟಿದ್ದು ಸಾಲದೆಂದು ಹಂದಿಯನ್ನೂ ಹಿಡಿದು ಕೊಡಬೇಕು. ಪಂಚಮಿಗೆ ಬಂದಾಗ ತಂಗಿ ವಿದ್ಯಾ ಕಟ್ಟೆಯ ಮೇಲೆ ನನ್ನ ಪಕ್ಕ ಕೂತಿದ್ದಳು, ಮಾತಾಡಿಸಿದರೆ ಮಾತಿಲ್ಲ, ಮೈ ಮುಟ್ಟಿದ ಮೇಲೆ ತಿರುಗಿದಳು, ಅಣ್ಣಾ ಈ ಕಡಿ ಬಾ, ಬಲಕ್ಕ ಬಂದು ಮಾತಾಡು, ಎಡಗಿವಿ ಕೇಳಂಗಿಲ್ಲ, ಯಾಕವಾ ಏನಾತು, ಏನಿಲ್ಲ ಬಿಡು, ಸಾರು ಉಪ್ಪಾಗಿತ್ತು, ಒಂದ ಏಟಿಗೆ ಹಂಗಾತು, ಅಪ್ಪಗ ಹೇಳಬ್ಯಾಡ, ನನ್ನಾಣಿ ಐತಿ. ಒಂದೇ ಏಟಿಗೆ. ಚಿಕ್ಕವಳಿದ್ದಾಗ ಕೆರೆಯ ಆ ದಂಡೆಯಿಂದ ಕೂಗಿದರೂ ಓಗೊಡುತ್ತಿದ್ದ ಹುಡುಗಿ. ಕಿವಿಯ ಮಾತು ಮುಚ್ಚಿಟ್ಟೆ, ಹೊಡೀತಾನಂತ ಎಂದಷ್ಟೇ ಚೀರಾಡಿದೆ, ಅವ್ವ ಒಲೆಯ ಮುಂದಿನಿಂದ, ಗಂಡ ಹೆಂಡ್ರ ಜಗಳ ಉಂಡ ಮಲಗೂತನಕ, ಬಾಯಿ ಮುಚ್ಚು ಅಂದಳು, ಅಪ್ಪ ತಾಟಿನಿಂದ ತಲೆ ಎತ್ತಲಿಲ್ಲ, ಕೊಟ್ಟ ಹೆಣ್ಣು ಕುಲಕ್ಕ ಹೊರಗಪಾ ಅಂದ, ಅಂದು ಎರಡನೇ ರೊಟ್ಟಿ ಹಾಕಿಸಿಕೊಂಡ, ಮರುದಿನ ತಾನೇ ಬಸ್ಸು ಹತ್ತಿಸಿಕೊಂಡು ಹೋಗಿ ಅವಳನ್ನು ದುಂಡಸಿಗೆ ಬಿಟ್ಟು ಬಂದ. ನೀ ಗಂಡಸಾ ಅಂದೆ ಅಪ್ಪನಿಗೆ, ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವ ಹಾಗೆ ಅಂದೆ. ಈಗ ವಿದ್ಯಾ ನಮ್ಮ ಮಾಸೂರಿನ ಮನೆಯಲ್ಲಿ ಹಂದಿಮಾಂಸಕ್ಕೆಂದು ಖಾರ ಅರೆಯುತ್ತಿದ್ದಾಳೆ.

ಬಿಡಬೇಕೆಂದವನು ನಾನು. ಹಗ್ಗ ನನ್ನ ಕೈಗೆ ಬಂದಾಗ ಬಿಡುತ್ತೇನೆ, ಹಂದಿಯ ಕೋರೆ ನನ್ನ ತಂಗಿಯ ಲೆಕ್ಕ ತೀರಿಸಲಿ ಎಂದು ಹೊಲಕ್ಕೆ ಹೋಗುವ ದಾರಿಯುದ್ದಕ್ಕೂ ಅದನ್ನೇ ಜಪಿಸಿದೆ. ಬದುವಿನ ಸಂದಿಗೆ ಬಲೆ ಕಟ್ಟಿದೆವು, ಬಲೆಯ ಬಾಯಿಗೆ ಸುತ್ತ ನೈಲಾನ್ ಹಗ್ಗ, ಒಂದು ತುದಿ ನನಗೆ, ಇನ್ನೊಂದು ಅಪ್ಪನಿಗೆ, ಇಬ್ಬರೂ ಜಗ್ಗಿದರೆ ಬಾಯಿ ಮುಚ್ಚುತ್ತದೆ, ಒಬ್ಬ ಸಡಿಲ ಬಿಟ್ಟರೆ ತೆರೆಯುತ್ತದೆ, ಅಷ್ಟೇ, ದೊಡ್ಡ ವಿದ್ಯೆ ಏನಿಲ್ಲ. ಗೆಳೆಯರೂ ಬೀಗರೂ ಆ ಕಡೆಯಿಂದ ತಗಡು ಬಡಿಯುತ್ತ ನಾಯಿ ಬಿಟ್ಟರು, ಜೋಳದ ದಂಟು ಪಟಪಟ ಮುರಿಯುವ ಸದ್ದು ನಮ್ಮ ಕಡೆಗೇ ಬಂತು, ಬಂತು, ಆಮೇಲೆ ಕರೀ ಬಂಡೆಯೊಂದು ಬಲೆಗೆ ಬಿದ್ದು ಉರುಳಿತು, ಜಗ್ಗಪಾ ಜಗ್ಗು ಅಂದ ಅಪ್ಪ, ಜಗ್ಗಿದೆ, ಹಗ್ಗ ಅಂಗೈಯ ಚರ್ಮವನ್ನು ಸುಲಿದುಕೊಂಡು ಹೋಯಿತು, ಬಿಡು ಈಗ ಬಿಡು ಎಂದಿತು ಮನಸ್ಸು, ಕೈ ಬಿಡಲಿಲ್ಲ, ಹೊಲದಲ್ಲಿ ದುಡಿದ ಕೈಗೆ ಹಿಡಿಯುವುದೊಂದೇ ಗೊತ್ತು ಕಾಣುತ್ತದೆ, ಹೇಡಿ ಕೈ. ಲೋಹಿತ ಈಟಿ ಹಿಡಿದು ನಗುತ್ತ ಬಂದ, ಹೊಸ ಬೂಟು, ಮೊಬೈಲಿನಲ್ಲಿ ಫೋಟೋ ತೆಗಿ ಎಂದು ಶಿವಾನಂದನಿಗೆ ಹೇಳಿದ, ಮೊದಲ ಏಟನ್ನು ಎದೆಗೆ ಹಾಕಲಿಲ್ಲ, ಬೇಕೆಂದೇ ಹೊಟ್ಟೆಗೆ ಹಾಕಿದ, ತಿರುವಿದ, ಮತ್ತೆ ಹಾಕಿದ, ಕರುಳು ಬಲೆಯ ಕಣ್ಣಿನಿಂದ ಹೊರಗೆ ಬಂತು, ಹಂದಿ ಮನುಷ್ಯರ ಕೂಸಿನ ಹಾಗೆ ಚೀರಿತು, ಅಳಿಯಾರ ಎದಿಗೆ ಹಾಕ್ರಿ, ಸಾಯ್ಲಿ ಅದು, ಅಂದ ಅಪ್ಪ, ಇವನು ನನ್ನ ಕಡೆ ತಿರುಗಿ ಹಲ್ಲು ತೋರಿಸಿ, ಇದು ನಿಮ್ಮ ತಂಗಿಗಿಂತ ಭಾಳ ಒದರ್ತೈತಿ ನೋಡ ಮಾಂತೇಶಣ್ಣಾ — ಅಷ್ಟೇ, ಮಾತು ಗಾಳಿಯಲ್ಲಿರುವಾಗಲೇ ಬಲೆಯ ಬಾಯಿ ತೆರೆಯಿತು, ಹಂದಿ ತನ್ನ ಕರುಳನ್ನು ತಾನೇ ತುಳಿಯುತ್ತ ಅವನ ಕಾಲೊಳಗೆ ನುಗ್ಗಿ ಒಮ್ಮೆ ತಲೆ ಎತ್ತಿತು, ಮೊಣಕಾಲಿನಿಂದ ತೊಡೆಸಂದಿನತನಕ ಪ್ಯಾಂಟೂ ಮಾಂಸವೂ ಒಟ್ಟಿಗೆ ಬಿಚ್ಚಿಕೊಂಡವು, ಬಿಳಿ ಎಲುಬು ಕಂಡು ಮರೆಯಾಯಿತು, ಅಷ್ಟರಲ್ಲಿ ಕೆಂಪಾಗಿತ್ತು ಎಲ್ಲ, ಶಿವಾನಂದ ಕೊಡಲಿಯಿಂದ ಹಂದಿಯ ನೆತ್ತಿಗೆ ಹಾಕಿದ, ಹಾಕುತ್ತಲೇ ಇದ್ದ, ಸತ್ತ ಮೇಲೂ ಹಾಕಿದ. ಹಗ್ಗ ಜಾರಿ ಬಿಡ್ತಪಾ ಅಂದ ಅಪ್ಪ. ಆಗ ನಂಬಿದೆ, ವಯಸ್ಸಾದ ಕೈ, ಎಷ್ಟು ಬಲ ಇದ್ದೀತು.

ಗಾಡಿ ಹತ್ತಿ ಕೂತ ಮೇಲೆ ಅಪ್ಪ ತಂಬಾಕಿನ ಚೀಲ ತೆಗೆದ. ಎಡಗೈ ಬಿಚ್ಚಿ ತಂಬಾಕು ಸುರುವಿಕೊಂಡು ಸುಣ್ಣ ಹಚ್ಚಿ ಬಲಗೈ ಹೆಬ್ಬೆರಳಿನಿಂದ ತಿಕ್ಕಿದ, ನಿಧಾನವಾಗಿ ತಿಕ್ಕಿದ, ಎರಡೂ ಅಂಗೈ ಕಂಡವು ನನಗೆ, ಒಂದು ಗೀರಿಲ್ಲ. ನನ್ನದು ಸುಲಿದು ಹಸಿಮಾಂಸ, ಲೋಹಿತನ ರಕ್ತ ತಾಗಿದಲ್ಲೆಲ್ಲ ಉಪ್ಪು ಹಚ್ಚಿದಂತೆ ಉರಿ, ಅದೇ ಹಗ್ಗ, ಅದೇ ಹಂದಿ, ಜಾರಿದ್ದರೆ ಚರ್ಮ ಎಳೆದುಕೊಂಡು ಜಾರಬೇಕಿತ್ತು, ಜಾರಿಲ್ಲ, ಬಿಟ್ಟಿದ್ದಾನೆ, ಬೆರಳು ಬಿಚ್ಚಿ ಬಿಟ್ಟಿದ್ದಾನೆ, ತಲೆ ಎತ್ತದೆ ಎರಡನೇ ರೊಟ್ಟಿ ಉಂಡವನು. ಇವತ್ತು ಬೆಳಿಗ್ಗೆ ವಿದ್ಯಾ ಅಂಗಳದಲ್ಲಿ ನಿಂತಿದ್ದಳು, ಅಪ್ಪ ಎಡದಿಂದ ಬಂದವನು ಸುತ್ತು ಹಾಕಿ ಬಲಕ್ಕೆ ಹೋಗಿ, ಚಾ ಕುಡದೀ ಏನವಾ ಅಂದ, ನಾನು ನೋಡಿಯೂ ನೋಡಲಿಲ್ಲ, ಅವನಿಗೆ ಯಾರೂ ಹೇಳಿರಲಿಲ್ಲ, ಮಗಳ ಕಿವಿಯನ್ನು ತಾನೇ ಕಂಡುಕೊಂಡು ಒಂದು ಮಾತೂ ಆಡದೆ ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದ, ನಾನು ಓಣಿಗೆಲ್ಲ ಕೇಳುವ ಹಾಗೆ ನೀ ಗಂಡಸಾ ಅಂದೆ. ಅಪ್ಪಾ. ಹೆದರಿಕೆಯಾಗುತ್ತಿದೆ ನನಗೆ ನಿನ್ನನ್ನು ಕಂಡು, ನಿನ್ನ ಕಾಲು ಹಿಡಿಯಬೇಕೆನಿಸುತ್ತಿದೆ, ಎರಡೂ ಒಮ್ಮೆಗೇ. ಟವೆಲ್ ತೊಪ್ಪೆಯಾಗಿದೆ, ಕೈ ಜೋಮು ಹಿಡಿಯುತ್ತಿದೆ, ಒತ್ತಿದರೆ ಉಳಿಯುತ್ತಾನೆ, ಉಳಿದರೆ ದುಂಡಸಿ, ಅದೇ ಮನೆ, ಅದೇ ಸಾರು, ಅವಳ ಬಲಗಿವಿ ಇನ್ನೂ ಇದೆ, ಸತ್ತರೆ ವಿದ್ಯಾಳ ಕುಂಕುಮ ನಾವಿಬ್ಬರೂ ಒರೆಸಿದಂತೆ, ಅಯ್ಯೋ ಯಾವುದು ಬೇಕು ನನಗೆ. ಅಪ್ಪ ತಂಬಾಕನ್ನು ಬಾಯಿಗೆ ಹಾಕಿಕೊಂಡು ಅಂಗೈ ಒರೆಸಿಕೊಂಡ, ಮುಂದಕ್ಕೆ ಬಾಗಿದ, ಕೈ ಸೋತಿರಬೇಕು ನಿಂದು, ಕೊಡು ಇತ್ತ, ನಾ ಹಿಡೀತೇನಿ. ಲೋಹಿತ ಕಣ್ಣು ಬಿಟ್ಟಿದ್ದಾನೆ, ತುಟಿಯಲ್ಲಿ ರಕ್ತವೇ ಇಲ್ಲ, ನನ್ನ ಮಣಿಕಟ್ಟು ಹಿಡಿದಿದ್ದಾನೆ, ಉಗುರು ಒಳಗೆ ಹೋಗುವ ಹಾಗೆ, ಅಣ್ಣಾ ನೀನ ಹಿಡಿ, ಮಾವಾರ ಕೈಯಾಗ ಕೊಡಬ್ಯಾಡ, ನಿನ್ನ ಕಾಲಿಗೆ ಬೀಳ್ತೇನಿ — ಇವನೂ ನೋಡಿದ್ದಾನೆ, ಬಲೆ ಬಿಚ್ಚಿದಾಗ ಇವನು ಅಪ್ಪನ ಕಡೆ ನೋಡಿದ್ದಾನೆ, ಕೊಡಪಾ ಎನ್ನುತ್ತಾನೆ ಅಪ್ಪ, ದನಿಯಲ್ಲಿ ಸಿಟ್ಟಿಲ್ಲ, ಊಟಕ್ಕೆ ಕರೆದಂತೆ ಕರೆಯುತ್ತಾನೆ, ಕೊಡು, ನೀ ಹೊಳ್ಳಿ ನೋಡಬ್ಯಾಡ, ಚಾಚಿದ ಕೈ ಚಾಚಿದಂತೆಯೇ ಇದೆ, ಗಾಡಿ ಕುಣಿದರೂ ಅಲುಗುತ್ತಿಲ್ಲ, ಅಂಗೈ ಮೇಲಾಗಿ, ಸುಣ್ಣದ ಒಂದು ಚುಕ್ಕೆ, ಗೆರೆಗಳು, ಒಂದು ಗೀರಿಲ್ಲ, ಅಂಗೈ, ಅಪ್ಪನ ಅಂಗೈ, ಒಂದು ಗೀರೂ ಇಲ್ಲ